ಸೌತ್ ಡೌನ್ಸ್, ರಿಡ್ಜ್‌ವೇ, ಈಡೇಲ್: ಮೌಂಟನ್ ಬೈಕಿಗೆ ಯಾವ ಬ್ರಿಡಲ್‌ವೇ?

ಲಂಡನ್, ರೆಡಿಂಗ್, ಸ್ಲೌ ಕಡೆ ಇರುವ ಕನ್ನಡಿಗರಿಗೆ ಬ್ಯಾಂಕ್ ಹಾಲಿಡೇ ಸೇರಿ ಮೂರು ದಿನ ಬಿಡುವು ಸಿಕ್ಕರೆ, ಮೌಂಟನ್ ಬೈಕನ್ನು, ಅಂದರೆ ಗುಡ್ಡಗಾಡಿನ ಸೈಕಲ್ಲನ್ನು, ರೈಲಿಗೆ ಹಾಕಿಕೊಂಡು ಹೋಗುವಂಥ ಮೂರು ಜಾಗಗಳಿವೆ: ಸೌತ್ ಡೌನ್ಸ್ ವೇ, ರಿಡ್ಜ್‌ವೇಯ ಪಶ್ಚಿಮ ಅರ್ಧ, ಪೀಕ್ ಡಿಸ್ಟ್ರಿಕ್ಟ್‌ನ ಈಡೇಲ್ ಕಣಿವೆ. ಮೂರನ್ನೂ ಒಣ ಹವೆಯಲ್ಲೂ ಮಳೆಯಲ್ಲೂ ಓಡಿಸಿದ ಮೇಲೆ ನಮ್ಮ ತೀರ್ಮಾನ ಇದು: ಮೊದಲ ಸಲಕ್ಕೆ ಸೌತ್ ಡೌನ್ಸ್, ಒಂದೇ ದಿನ ಇದ್ದರೆ ರಿಡ್ಜ್‌ವೇ, ಕಲ್ಲಿನ ಇಳಿಜಾರಿನಲ್ಲಿ ಬ್ರೇಕ್ ಹಿಡಿಯುವ ಹದ ಗೊತ್ತಿರುವವರಿಗೆ ಈಡೇಲ್. ಬೈಕು, ಟೈರು, ಗಾಳಿಯ ಒತ್ತಡ ಎಲ್ಲವನ್ನೂ ಆಯಾ ಜಾಗದ ನೆಲವೇ ನಿರ್ಧರಿಸುತ್ತದೆ.

ಮೊದಲು ಹಕ್ಕಿನ ಮಾತು. ಬ್ರಿಡಲ್‌ವೇ ನಡೆಯುವವರಿಗೂ ಕುದುರೆ ಸವಾರರಿಗೂ ಇದ್ದ ದಾರಿ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 1968ರ ಕಂಟ್ರಿಸೈಡ್ ಆಕ್ಟ್ ಸೈಕಲ್ಲಿಗೂ ಅಲ್ಲಿ ಜಾಗ ಕೊಟ್ಟಿತು. ಆದರೆ ಕಾಲ್ನಡಿಗೆಯವರಿಗೂ ಕುದುರೆಗೂ ದಾರಿ ಬಿಟ್ಟೇ ಹೋಗಬೇಕು. ಕಂಬದ ಮೇಲೆ ನೀಲಿ ಬಾಣ ಇದ್ದರೆ ಬ್ರಿಡಲ್‌ವೇ. ಹಳದಿ ಬಾಣ ಇದ್ದರೆ ಫುಟ್‌ಪಾತ್, ಸೈಕಲ್ಲಿಗೆ ಹಕ್ಕಿಲ್ಲ. ಓಎಸ್ (ಆರ್ಡ್‌ನೆನ್ಸ್ ಸರ್ವೆ) ಎಕ್ಸ್‌ಪ್ಲೋರರ್ 1:25,000 ನಕ್ಷೆಯಲ್ಲಿ ಬ್ರಿಡಲ್‌ವೇಗೆ ಉದ್ದುದ್ದ ಹಸಿರು ಗೆರೆಗಳು, ಫುಟ್‌ಪಾತಿಗೆ ಗಿಡ್ಡ ಗೆರೆಗಳು. ಓಕ್ ಕಾಯಿಯ ಗುರುತು ನ್ಯಾಷನಲ್ ಟ್ರೇಲ್ (ಅಧಿಕೃತ ದೂರದಾರಿ) ಎಂದಷ್ಟೇ ಹೇಳುತ್ತದೆ. ಸೈಕಲ್ ಬಿಡುತ್ತಾರೋ ಇಲ್ಲವೋ ತಿಳಿಯಲು ಬಾಣದ ಬಣ್ಣವನ್ನೇ ನೋಡಬೇಕು.

ಸೌತ್ ಡೌನ್ಸ್ ವೇ ವಿಂಚೆಸ್ಟರ್‌ನಿಂದ ಈಸ್ಟ್‌ಬೋರ್ನ್‌ವರೆಗೆ 160 ಕಿ.ಮೀ. ಆರಂಭದಿಂದ ಕೊನೆಯವರೆಗೂ ಸೈಕಲ್ ಓಡಿಸಬಹುದು, ಎರಡು ತುದಿಯಲ್ಲೂ ರೈಲು ನಿಲ್ದಾಣ, ನಡುವೆ ಆಂಬರ್ಲಿ ಮತ್ತು ಸೌತೀಸ್ ನಿಲ್ದಾಣಗಳು ದಾರಿಯ ಪಕ್ಕದಲ್ಲೇ. ಸುಸ್ತಾದರೆ ಅರ್ಧಕ್ಕೆ ನಿಲ್ಲಿಸಿ ಮನೆಗೆ ಹೋಗಬಹುದು ಎನ್ನುವ ಈ ಅನುಕೂಲ ಉಳಿದೆರಡಕ್ಕೂ ಇಷ್ಟು ಸಲೀಸಾಗಿ ಇಲ್ಲ. ಗಾಳಿ ಹೆಚ್ಚಾಗಿ ನೈಋತ್ಯದಿಂದ ಬೀಸುವುದರಿಂದ ವಿಂಚೆಸ್ಟರ್‌ನಿಂದಲೇ ಹೊರಡಿ.

ನಕ್ಷೆಯಲ್ಲಿ ಇದು ದಿಬ್ಬದ ನೆತ್ತಿಯ ಸಪಾಟು ದಾರಿಯಂತೆ ಕಾಣುತ್ತದೆ. ನಿಜದಲ್ಲಿ ನಾಲ್ಕು ನದಿಗಳು ದಿಬ್ಬವನ್ನು ಕತ್ತರಿಸಿವೆ: ಆಂಬರ್ಲಿಯಲ್ಲಿ ಅರುನ್, ಬೊಟಾಲ್ಫ್ಸ್‌ನಲ್ಲಿ ಅಡರ್, ಸೌತೀಸ್‌ನಲ್ಲಿ ಊಸ್, ಆಲ್ಫ್ರಿಸ್ಟನ್‌ನಲ್ಲಿ ಕಕ್‌ಮಿಯರ್. ಪ್ರತಿ ಸಲವೂ ಹೆಚ್ಚುಕಡಿಮೆ ಸಮುದ್ರಮಟ್ಟಕ್ಕೆ ಇಳಿದು ಮತ್ತೆ ಹತ್ತಬೇಕು. ಕಾಲು ಸೋತ ಹೊತ್ತಿಗೇ ಸೌತೀಸ್ ಆಚೆಯ ಇಟ್‌ಫರ್ಡ್ ಹಿಲ್ ಎದುರಾಗುತ್ತದೆ. ಮುಂದೆ 30 ಅಥವಾ 32 ಹಲ್ಲಿನ ಚಕ್ರ, ಹಿಂದೆ 50ರ ಆಸುಪಾಸಿನ ದೊಡ್ಡ ಹಲ್ಲು ಇದ್ದರೆ ಕೂತೇ ಹತ್ತಬಹುದು. ಮುಂದೆ 40, ಹಿಂದೆ 42 ಹಲ್ಲಿನ ಗ್ರಾವೆಲ್ ಬೈಕ್ (ಕಚ್ಚಾ ರಸ್ತೆಗೆಂದು ಮಾಡಿದ, ಸಣ್ಣ ಟೈರಿನ ಸೈಕಲ್) ತಂದವರು ಇಂಥ ಕಡೆ ಇಳಿದು ತಳ್ಳುತ್ತಾರೆ.

ನೆಲ ಸೀಮೆಸುಣ್ಣದ ಕಲ್ಲು, ಅದರೊಳಗೆ ಚಕಮಕಿ ಕಲ್ಲಿನ ಚೂರುಗಳು. ಒಣಗಿದ್ದರೆ ಟೈರು ಭದ್ರವಾಗಿ ಕಚ್ಚುತ್ತದೆ. ಮಳೆ ಬಿದ್ದ ಅರ್ಧ ಗಂಟೆಯಲ್ಲಿ ಮೇಲ್ಪದರ ಪಾಚಿಗಟ್ಟಿದ ಬಚ್ಚಲುಕಲ್ಲಿನಂತಾಗುತ್ತದೆ. ಎಷ್ಟು ಗುಬಟೆಯ ಟೈರಾದರೂ ಪ್ರಯೋಜನವಿಲ್ಲ. ಅಲ್ಲಿ ಬೈಕನ್ನು ವಾಲಿಸದೆ, ತಿರುವಿಗೆ ಮುಂಚೆಯೇ ವೇಗ ಇಳಿಸಿ, ಮುಂಬ್ರೇಕ್ ಬಿಟ್ಟು ದಾಟಬೇಕು. ಬಿಳಿ ಕೆಸರು ಚೌಕಟ್ಟಿಗೂ ಟೈರಿಗೂ ನಡುವೆ ತುಂಬಿಕೊಳ್ಳುತ್ತದೆ. ಅಲ್ಲಿ 6 ಮಿ.ಮೀ. ಮಾತ್ರ ಸಂದು ಇರುವ ಗ್ರಾವೆಲ್ ಬೈಕಿನ ಚಕ್ರ ಬೇಗನೆ ತಿರುಗದೆ ನಿಂತುಬಿಡುತ್ತದೆ. ಒಣಗಿದರೆ ಗಾರೆಯಂತೆ ಗಟ್ಟಿಯಾಗುವುದರಿಂದ ಅದೇ ಸಂಜೆ ತೊಳೆಯಿರಿ.

ಚಕಮಕಿ ಚೂರಿನದು ಬೇರೆಯೇ ಕಾಟ. ಅದು ಮುಳ್ಳಿನಂತೆ ಚುಚ್ಚುವುದಿಲ್ಲ, ಬ್ಲೇಡಿನಂತೆ ಕೊಯ್ಯುತ್ತದೆ. ಟ್ಯೂಬ್‌ಲೆಸ್ ಟೈರಿನಲ್ಲಿ 80-100 ಮಿ.ಲೀ. ಸೀಲೆಂಟ್ (ತೂತು ಮುಚ್ಚುವ ದ್ರವ) ಇದ್ದರೆ ಚಿಕ್ಕ ತೂತು ತಾನೇ ಮುಚ್ಚುತ್ತದೆ, 3-4 ಮಿ.ಮೀ. ಸೀಳಿಗೆ ಹೊರಗಿನಿಂದ ತುರುಕುವ ರಬ್ಬರ್ ಪ್ಲಗ್ ಸಾಕು. ಅದಕ್ಕಿಂತ ದೊಡ್ಡದಾದರೆ ಒಳಗಿನಿಂದ ಹಳೆ ಟೈರಿನ ತುಂಡು ಒತ್ತುಕೊಟ್ಟು ಟ್ಯೂಬ್ ಹಾಕುವುದೊಂದೇ ದಾರಿ. ಹಾಗಾಗಿ ಪಕ್ಕದ ಗೋಡೆ ದಪ್ಪ ಇರುವ 2.25-2.4 ಇಂಚಿನ ಟೈರು ತಗೊಳ್ಳಿ. ಸುಮಾರು 75 ಕೆ.ಜಿ. ತೂಗುವವರಿಗೆ ಮುಂದೆ 22, ಹಿಂದೆ 25 ಪಿಎಸ್‌ಐ ಗಾಳಿಯ ಒತ್ತಡ ಸರಿಹೋಗುತ್ತದೆ.

ದಿಬ್ಬದ ಮೇಲೆ ಹೆಚ್ಚಿನ ಕಡೆ ನೆರಳಿಲ್ಲ, ಅಂಗಡಿಯೂ ಇಲ್ಲ. ನೀರಿನ ನಲ್ಲಿಗಳಿವೆ, ಅವನ್ನು ನಕ್ಷೆಯಲ್ಲಿ ಮೊದಲೇ ಗುರುತು ಮಾಡಿಕೊಂಡು 2 ಲೀಟರ್ ಹೊತ್ತುಕೊಳ್ಳಿ. ಉಳಿಯುವ ಕೋಣೆಯನ್ನು ನದಿ ದಾಟುವ ಊರಿನಲ್ಲೇ ಹಿಡಿಯಿರಿ; ಬೇರೆ ಊರಾದರೆ ಬೆಳಿಗ್ಗೆ ಲೆಕ್ಕಕ್ಕಿಲ್ಲದ ಒಂದು ಏರು ಸೇರುತ್ತದೆ. ಆಲ್ಫ್ರಿಸ್ಟನ್ ನಂತರ ದಾರಿ ಎರಡಾಗುತ್ತದೆ. ಸೆವೆನ್ ಸಿಸ್ಟರ್ಸ್ ಬಂಡೆಗಳ ಮೇಲಿನದು ನಡೆಯುವವರದು; ಸೈಕಲ್ ಜೆವಿಂಗ್ಟನ್ ಮೂಲಕ ಹೋಗಬೇಕು.

ರಿಡ್ಜ್‌ವೇ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಒಟ್ಟು 139 ಕಿ.ಮೀ.ಯಲ್ಲಿ ಓವರ್ಟನ್ ಹಿಲ್‌ನಿಂದ ಸ್ಟ್ರೀಟ್ಲಿವರೆಗಿನ ಸುಮಾರು 70 ಕಿ.ಮೀ. ಸೈಕಲ್ಲಿಗೆ ಮುಕ್ತ, ಥೇಮ್ಸ್ ದಾಟಿದ ಮೇಲೆ ಬಹುಭಾಗ ಫುಟ್‌ಪಾತ್. ರೆಡಿಂಗ್‌ನವರಿಗೆ ಗೋರಿಂಗ್ ನಿಲ್ದಾಣ ಹತ್ತಿರ. ಏರುಗಳು ಸೌಮ್ಯ, ದಾರಿ ಅಗಲ, ವೇಲ್ಯಾಂಡ್ಸ್ ಸ್ಮಿಥಿಯ ಕಲ್ಲುಗೋರಿ ಮತ್ತು ಅಫಿಂಗ್ಟನ್‌ನ ಬಿಳಿ ಕುದುರೆ ಎರಡೂ ಪಕ್ಕದಲ್ಲೇ. ಗ್ರಾವೆಲ್ ಬೈಕ್ ಗೆಲ್ಲುವುದು ಇಲ್ಲೊಂದೇ ಕಡೆ, ಅದೂ ಒಣ ಬೇಸಿಗೆಯಲ್ಲಿ 45 ಮಿ.ಮೀ. ಟೈರಿದ್ದರೆ. ಕೆಲವು ಭಾಗಗಳಲ್ಲಿ ಮೋಟಾರು ವಾಹನಗಳಿಗೂ ಹಕ್ಕಿದ್ದು, ಅವು ಕೊರೆದ ಚಕ್ರದ ಗಾಡಿಜಾಡು ಒಣಗಿ ಹೊಂಡವಾಗಿರುತ್ತದೆ. ಮುಂದಿನ ಚಕ್ರ ಅದರೊಳಗೆ ಇಳಿದರೆ ಓರೆಯಾಗಿ ಹೊರಬರಲು ಹೋಗಬೇಡಿ, ಬೀಳುತ್ತೀರಿ. ಅದರಲ್ಲೇ ನೇರ ಸಾಗಿ, ಪೆಡಲನ್ನು ಅಂಚಿಗೆ ತಾಗದಂತೆ ಸಮಮಟ್ಟದಲ್ಲಿ ಹಿಡಿದು, ಜಾಡಿನ ಆಳ ಕಡಿಮೆಯಾದಲ್ಲಿ ಹತ್ತಿ. ಲ್ಯಾಂಬರ್ನ್ ಸುತ್ತ ರೇಸ್ ಕುದುರೆಗಳ ತರಬೇತಿ ನಡೆಯುತ್ತದೆ. ಹಿಂದಿನಿಂದ ಬರುವಾಗ ದೂರದಿಂದಲೇ ಮಾತಾಡಿಸಿ. ಮನುಷ್ಯರ ದನಿ ಕೇಳಿದರೆ ಕುದುರೆ ಬೆದರುವುದು ಕಡಿಮೆ. ಸವಾರರು ಸರಿ ಎಂದ ಮೇಲೆ ನಿಧಾನವಾಗಿ, ಅಂತರ ಬಿಟ್ಟು ದಾಟಿ.

ಈಡೇಲ್ ಪೂರಾ ಬೇರೆ. ಇಲ್ಲಿ ಗ್ರಿಟ್‌ಸ್ಟೋನ್ ಎಂಬ ಒರಟು ಮರಳುಗಲ್ಲಿನ ಬಂಡೆ, ಮೇಲೆ ಪೀಟ್ (ಕೊಳೆತ ಗಿಡಗಳ ಕಪ್ಪು ಮಣ್ಣು) ಜೌಗು. ಮಳೆಯಲ್ಲೂ ಗ್ರಿಟ್‌ಸ್ಟೋನ್ ಹಿಡಿತ ಕೊಡುತ್ತದೆ, ಹಾಗಾಗಿ ಹವೆ ಕೆಟ್ಟಿದ್ದರೆ ಸೌತ್ ಡೌನ್ಸ್‌ಗಿಂತ ಈಡೇಲ್ ವಾಸಿ. ಪೀಟ್ ಮಾತ್ರ ಹಾಗಲ್ಲ: ಲ್ಯಾಂಗ್ಸೆಟ್ ಕಡೆಯ ಕಟ್ ಗೇಟ್ ಎಂಬ ಬ್ರಿಡಲ್‌ವೇಗೆ ಒಂದು ವಾರ ಒಣ ಹವೆ ಇಲ್ಲದೆ ಹೋಗಬೇಡಿ, ಚಕ್ರ ಹೂಳುವುದಲ್ಲದೆ ದಾರಿಯೂ ಹಾಳು.

ಹೇಫೀಲ್ಡ್ ಕಡೆಯಿಂದ ಈಡೇಲ್ ಕ್ರಾಸ್ ಹತ್ತಿ ಜೇಕಬ್ಸ್ ಲ್ಯಾಡರ್ ಇಳಿಯುವುದು ಇಲ್ಲಿನ ಹೆಸರಾಂತ ಸವಾರಿ. ಬಿಡಿ ಕಲ್ಲುಗಳ ನಡುವೆ, ಮಳೆನೀರು ಹೊರಗೆ ಹರಿಯಲೆಂದು ದಾರಿಗೆ ಅಡ್ಡ ನೆಟ್ಟ ಕಲ್ಲುಗಳಿವೆ. ಅವುಗಳ ಚೂಪು ಅಂಚಿಗೆ ಹಿಂದಿನ ಚಕ್ರ ಬಡಿದರೆ ಟೈರು ರಿಮ್‌ಗೆ ಒತ್ತಿ ಎರಡು ಕಡೆ ಸೀಳುತ್ತದೆ. ಆದ್ದರಿಂದ ಇಲ್ಲಿ ಒತ್ತಡವನ್ನು ಮುಂದೆ 24, ಹಿಂದೆ 28ಕ್ಕೆ ಏರಿಸಿ, ಸೀಟು ಪೂರ್ತಿ ಇಳಿಸಿ, ಪ್ರತಿ ಅಡ್ಡಗಲ್ಲಿಗೂ ಮೈಭಾರ ಕಾಲಿಗೆ ಹಾಕಿ ಹಿಂಚಕ್ರ ಹಗುರ ಮಾಡಿ. ಮುಂದೆ ಹಿಂದೆ ಎರಡೂ ಕಡೆ 130-140 ಮಿ.ಮೀ. ಕುಗ್ಗುವ ಫುಲ್ ಸಸ್ಪೆನ್ಷನ್ ಬೈಕಿಗೆ ಬಾಡಿಗೆ ಹೆಚ್ಚು ಕೊಡುವುದು ಸಾರ್ಥಕವಾಗುವುದು ಇಲ್ಲಿ ಮಾತ್ರ. ಉಳಿದೆರಡಕ್ಕೂ ಹಾರ್ಡ್‌ಟೇಲ್ (ಮುಂದೆ ಮಾತ್ರ ಸಸ್ಪೆನ್ಷನ್ ಇರುವ ಬೈಕು) ಸಾಕು. ಮೇಲೆ ಕಿಂಡರ್ ಕಡೆಗೆ ತಿರುಗುವ ಪೆನೈನ್ ವೇ ಫುಟ್‌ಪಾತ್, ಅತ್ತ ಸೈಕಲ್ ತಿರುಗಿಸಬೇಡಿ.

ಪೀಟ್ ಮತ್ತು ಮರಳು ಸೇರಿದ ನೀರು ರೆಸಿನ್ ಬ್ರೇಕ್ ಪ್ಯಾಡನ್ನು ಒಂದು ಒದ್ದೆ ದಿನದಲ್ಲೇ ಮುಗಿಸಿಬಿಡಬಹುದು. ಈಡೇಲ್‌ಗೆ ಹೊರಡುವ ಮುನ್ನ ಮೆಟಲ್ ಪ್ಯಾಡ್ ಹಾಕಿ. ರೋಟರ್ (ಬ್ರೇಕಿನ ಲೋಹದ ತಟ್ಟೆ) ಮೇಲೆ ರೆಸಿನ್ ಪ್ಯಾಡ್‌ಗೆ ಮಾತ್ರ ಎಂದು ಬರೆದಿದ್ದರೆ ಅದನ್ನೂ ಬದಲಿಸಬೇಕು. ಬಾಡಿಗೆ ಬೈಕಾದರೆ ಪ್ಯಾಡ್ ಕೂರುವ ಕ್ಯಾಲಿಪರ್ ಒಳಗೆ ಟಾರ್ಚ್ ಬಿಟ್ಟು ಪ್ಯಾಡಿನ ದಪ್ಪ ನೋಡಿ. ಲೋಹದ ಹಲಗೆ ಬಿಟ್ಟು ಬರೀ ಸವೆಯುವ ಪದರವೇ 1 ಮಿ.ಮೀ.ಗಿಂತ ಕಡಿಮೆ ಇದ್ದರೆ ಅಂಗಡಿಯಲ್ಲೇ ಬದಲಾಯಿಸಿಕೊಂಡು ಹೊರಡಿ.