ಗಿರಾಕಿಯ ಬಟ್ಟೆಗೆ ಯಾರು ಹೊಣೆ? ಟೈಲರ್ ಅಂಗಡಿಗೆ ಮೂರು ಬಗೆಯ ವಿಮೆ ಮಾಡಿಸಿ ನೋಡಿದ್ದು

ಟೈಲರ್ ಅಂಗಡಿಯಲ್ಲಿರುವ ಬೆಲೆಬಾಳುವ ಸಾಮಾನು ಹೆಚ್ಚಿನಂಶ ಟೈಲರಿನದ್ದಲ್ಲ. ಹ್ಯಾಂಗರಿಗೆ ಹಾಕಿದ ಕೋಟು, ಕತ್ತರಿಸಿಟ್ಟ ರೇಷ್ಮೆ, ಗುಂಡಿ ಹಾಕಲು ಉಳಿದ ಅಂಗಿ ಎಲ್ಲವೂ ಗಿರಾಕಿಗಳವು. ಒಂಬತ್ತು ವರ್ಷದಲ್ಲಿ ಮೂರು ಬಗೆಯ ವಿಮೆ ಮಾಡಿಸಿದ್ದೇನೆ. ಈಗ ಯಾವ ಪಾಲಿಸಿ ಕೈಗೆ ಬಂದರೂ ಮೊದಲು ಹುಡುಕುವುದು ಈ ಬಟ್ಟೆಗಳ ಹೆಸರು ಅದರಲ್ಲಿದೆಯೇ ಎಂದು.

ಮೊದಲ ನಾಲ್ಕು ವರ್ಷ ಬರೀ ಬೆಂಕಿ ವಿಮೆ ಇತ್ತು. ಪ್ರೀಮಿಯಂ ಕಡಿಮೆ, ಕಾಗದವೂ ಕಡಿಮೆ. ಬೆಂಕಿ, ಸಿಡಿಲು, ಸ್ಫೋಟದ ಜೊತೆಗೆ ನೀರಿನ ಪೈಪ್ ಒಡೆದು ಆಗುವ ನಷ್ಟವೂ ನನ್ನ ಪಾಲಿಸಿಯಲ್ಲಿ ಸೇರಿತ್ತು. ಒಂದು ರಾತ್ರಿ ಮೇಲ್ಮಹಡಿಯ ಪೈಪ್ ಒಡೆದೇಬಿಟ್ಟಿತು. ಬೆಳಿಗ್ಗೆ ಬಾಗಿಲು ತೆಗೆದರೆ ಕಟಿಂಗ್ ಟೇಬಲ್ ಮೇಲೆಲ್ಲ ನೀರು, ಒಂದರ ಬಣ್ಣ ಇನ್ನೊಂದಕ್ಕೆ ಹತ್ತಿದ ಬಟ್ಟೆಗಳು. ನಷ್ಟ ಎಷ್ಟೆಂದು ಅಳೆಯುವ ವಿಮಾ ಸರ್ವೇಯರ್ ಬಂದು ಸೌಜನ್ಯದಿಂದಲೇ ಕೇಳಿದರು: "ಇದರಲ್ಲಿ ನಿಮ್ಮದು ಯಾವುದು?" ಪಾಲಿಸಿಯಲ್ಲಿ ಬರೆದಿದ್ದದ್ದು 'ಸ್ವಂತ ಸರಕು, ಮೆಷಿನ್' ಎಂದು ಮಾತ್ರ. ಲೈನಿಂಗ್, ಕ್ಯಾನ್ವಾಸ್, ಒಂದು ಮೆಷಿನ್, ಇಷ್ಟಕ್ಕೆ ಹಣ ಬಂತು. ಮೂವತ್ತೊಂದು ಗಿರಾಕಿಗಳ ಬಟ್ಟೆಗೆ ನಾನೇ ಕೊಟ್ಟೆ. ಮದುವೆಗೆಂದು ಕೊಟ್ಟಿದ್ದ ಬಟ್ಟೆ ಹಾಳಾಗಿದೆ ಎಂದು ಆ ಮನೆಯವರಿಗೆ ಫೋನ್ ಮಾಡಿದ ಗಳಿಗೆ ಇವತ್ತಿಗೂ ಮರೆತಿಲ್ಲ.

'ವಶದಲ್ಲಿರುವ ಇತರರ ಸಾಮಾನು' ಎಂಬ ಒಂದು ಸಾಲು ಸೇರಿಸಿದ್ದರೆ ಸಾಕಿತ್ತು. ಕೇಳಿ ಸೇರಿಸಿಕೊಳ್ಳಬೇಕು ಎಂದು ನನಗೆ ಯಾರೂ ಹೇಳಿರಲಿಲ್ಲ.

ಆ ಪೆಟ್ಟಿನ ನಂತರ ಎಲ್ಲಕ್ಕೂ ಬೇರೆಬೇರೆ ಪಾಲಿಸಿ ಮಾಡಿಸಿದೆ: ಬೆಂಕಿಗೊಂದು, ಕಳವಿಗೊಂದು, ಮೆಷಿನ್ ಕೆಡುವುದಕ್ಕೊಂದು. ಮೆಷಿನ್ ವಿಷಯಕ್ಕೆ ಇದರಷ್ಟು ಚೆನ್ನಾದದ್ದು ನಾನು ಕಂಡಿಲ್ಲ. ಸಾಮಾನ್ಯ ಬೆಂಕಿ ವಿಮೆಯಲ್ಲಿ ಶಾರ್ಟ್ ಆಗಿ ಸುಟ್ಟ ಮೋಟಾರಿಗೆ ದುಡ್ಡಿಲ್ಲ, ಅದರಿಂದ ಹಬ್ಬಿದ ಬೆಂಕಿಗೆ ಮಾತ್ರ ಉಂಟು. ಕಂಪ್ಯೂಟರ್ ಕಸೂತಿ ಮೆಷಿನ್ ಇಟ್ಟುಕೊಂಡವರಿಗೆ ಈ ಬೇರೆ ಪಾಲಿಸಿ ಬೇಕೇ ಬೇಕು. ಆದರೆ ಮೂರಕ್ಕೂ ನವೀಕರಣದ ತಾರೀಖು ಬೇರೆ. ಹೊಲಿಗೆಯ ಗಡಿಬಿಡಿಯಲ್ಲಿ ಕಳವಿನ ಪಾಲಿಸಿ ಹದಿನೆಂಟು ದಿನ ಸತ್ತು ಮಲಗಿತ್ತು. ಪುಣ್ಯಕ್ಕೆ ಏನೂ ಆಗಲಿಲ್ಲ. ಎರಡು ವರ್ಷ ನಡೆಸಿ ಈ ಏರ್ಪಾಟು ಬಿಟ್ಟೆ.

ಈಗ ಮೂರು ವರ್ಷದಿಂದ ಅಂಗಡಿದಾರರ ಪ್ಯಾಕೇಜ್ ಪಾಲಿಸಿ. ಬೆಂಕಿ, ಕಳವು, ಮೆಷಿನ್, ಅಂಗಡಿಗೆ ಬಂದವರು ಜಾರಿ ಬಿದ್ದರೆ ಬರುವ ಹೊಣೆ, ಎಲ್ಲ ಒಂದರಲ್ಲೇ. ಗಿರಾಕಿಯ ಬಟ್ಟೆಯನ್ನು ಬೆಂಕಿ, ಕಳವು ಎರಡೂ ವಿಭಾಗದಲ್ಲಿ ಬರೆಸಿದ್ದೇನೆ. ಕೊರತೆ ಇಲ್ಲದಿಲ್ಲ. ಕಳವಿಗೆ ಬೀಗ ಒಡೆದ ಗುರುತು ಬೇಕು, ಹಗಲು ಕೌಂಟರಿನಿಂದ ಮಾಯವಾದ ಬಟ್ಟೆಗೆ ಏನೂ ಇಲ್ಲ. ಓವರ್‌ಲಾಕ್ ಮೆಷಿನ್ ಕೆಟ್ಟಾಗ ಸವಕಳಿ ಕಳೆದು, ಪಾಲಿಸಿಯ ಪ್ರಕಾರ ನಾನೇ ಹೊರಬೇಕಾದ ಮೊತ್ತವನ್ನೂ ಕಳೆದಮೇಲೆ ಉಳಿದದ್ದು ರಿಪೇರಿಯ ಅರ್ಧಕ್ಕೂ ಸಾಲಲಿಲ್ಲ.

ಮೂರರಲ್ಲೂ ನನ್ನನ್ನು ಕಾಡಿದ್ದು ವಿಮಾ ಮೊತ್ತ, ಅಂದರೆ ಎಷ್ಟು ಬೆಲೆಯ ಸಾಮಾನಿಗೆ ವಿಮೆ ಎಂದು ಪಾಲಿಸಿಯಲ್ಲಿ ಬರೆಸುವ ಮೊತ್ತ. ಪ್ರೀಮಿಯಂ ಉಳಿಸಲು 100 ಪಾಲಿನ ಸರಕಿಗೆ 60 ಪಾಲಿನ ವಿಮೆ ಮಾಡಿಸಿದರೆ, 30 ಪಾಲು ಹಾಳಾದಾಗ ಸಿಗುವುದು 30 ಅಲ್ಲ, 18. ಕಡಿಮೆ ಬರೆಸಿದ ಪ್ರಮಾಣದಲ್ಲೇ ಪರಿಹಾರವನ್ನೂ ಇಳಿಸುತ್ತಾರೆ. ಆದ್ದರಿಂದ ಕೆಲಸ ಕಡಿಮೆ ಇರುವ ತಿಂಗಳು ನೋಡಿ ಮೊತ್ತ ಬರೆಸಬಾರದು. ಹ್ಯಾಂಗರಿಗೆ ಜಾಗವಿಲ್ಲದಷ್ಟು ಬಟ್ಟೆ ತುಂಬಿದ ವಾರದ ಲೆಕ್ಕ ಹಿಡಿಯಬೇಕು.

ಇಸ್ತ್ರಿ ಪೆಟ್ಟಿಗೆ ತಗುಲಿ ಬಟ್ಟೆ ಸುಟ್ಟರೆ, ಅಳತೆ ತಪ್ಪಿ ಕತ್ತರಿಸಿದರೆ ಈ ಮೂರರಲ್ಲಿ ಯಾವುದೂ ಕೊಡಲಿಲ್ಲ. ಕೆಲಸದ ತಪ್ಪು ನಮ್ಮದೇ.

ಒಬ್ಬರೇ ಹೊಲಿಯುವ, ಎರಡು ಮೆಷಿನ್‌ನ ಅಂಗಡಿಗೆ ಬೆಂಕಿ ವಿಮೆಯ ಜೊತೆ ಆ ಒಂದು ಸಾಲು ಸಾಕು. ಕೆಲಸದವರು ಇದ್ದು ರಾತ್ರಿ ಬಟ್ಟೆ ಅಂಗಡಿಯಲ್ಲೇ ಉಳಿಯುವುದಾದರೆ ಪ್ಯಾಕೇಜನ್ನೇ ತೆಗೆದುಕೊಳ್ಳಿ ಎನ್ನುತ್ತೇನೆ. ಯಾವುದೇ ಆಗಲಿ, ಬಟ್ಟೆ ಪಡೆಯುವಾಗ ಕೊಡುವ ಚೀಟಿಯಲ್ಲಿ ಅಳತೆ, ತಾರೀಖಿನ ಪಕ್ಕ ಬಟ್ಟೆಯ ಅಂದಾಜು ಬೆಲೆಯನ್ನೂ ಗಿರಾಕಿಯ ಎದುರೇ ಬರೆಯಿರಿ. ಚೀಟಿಯ ಪ್ರತಿಯನ್ನು ಅಂಗಡಿಯಲ್ಲಿಡದೆ ಮನೆಗೆ ಒಯ್ಯಿರಿ. ನಾನು ಅಂದು ಬೆಲೆ ಬರೆದಿಟ್ಟಿರಲಿಲ್ಲ, ಮೂವತ್ತೊಂದು ಮನೆಯವರು ಹೇಳಿದ್ದೇ ಲೆಕ್ಕವಾಯಿತು.