ಒಂದೇ ದಿನ ಇದ್ದರೆ ಎಂಪೈರ್ ಮೈನ್‌ಗಾ, ಮಲಕಾಫ್‌ಗಾ?

ಊರಿಂದ ಅಪ್ಪ ಅಮ್ಮ ಬಂದರೆ ಸ್ಯಾಕ್ರಮೆಂಟೊ ಕಡೆಯ ಕನ್ನಡದವರೆಲ್ಲ ಹೆಚ್ಚುಕಮ್ಮಿ ಒಂದೇ ಪಟ್ಟಿ ಹಿಡಿದು ಓಡಾಡುತ್ತೇವೆ. ತಾಹೋ, ಯೊಸೆಮಿಟಿ, ಗೋಲ್ಡನ್ ಗೇಟ್ ಸೇತುವೆ, ಒಂದೆರಡು ದೇವಸ್ಥಾನ. ಪಟ್ಟಿ ಬೇಗ ಮುಗಿದುಹೋಗುತ್ತದೆ, ಅವರು ಇರೋದು ಆರು ತಿಂಗಳು. ಆಮೇಲೆ ಎಲ್ಲಿಗೆ ಕರ್ಕೊಂಡು ಹೋಗೋದು ಅಂತ ಯಾರಾದರೂ ಕೇಳಿದರೆ ನಾನು ಆಬರ್ನ್‌ನಿಂದ 49ನೇ ಹೆದ್ದಾರಿ ಹಿಡಿಯಿರಿ ಅನ್ನುತ್ತೇನೆ. ಉತ್ತರಕ್ಕೆ ಹೋದರೆ ಗ್ರಾಸ್ ವ್ಯಾಲಿ, ಅದಕ್ಕೆ ಅಂಟಿಕೊಂಡಂತೆ ನೆವಾಡಾ ಸಿಟಿ. ಎರಡೂ ಚಿನ್ನದ ಗಣಿಯಿಂದ ಬೆಳೆದ ಊರುಗಳು. ಆಸುಪಾಸಿನಲ್ಲಿ ಹಳೇ ಗಣಿ ಜಾಗದಲ್ಲೇ ಮಾಡಿರುವ ಎರಡು ಸ್ಟೇಟ್ ಪಾರ್ಕ್‌ಗಳಿವೆ. ಒಂದು ಎಂಪೈರ್ ಮೈನ್. ಇನ್ನೊಂದು ಮಲಕಾಫ್ ಡಿಗಿನ್ಸ್.

ಇರೋದು ಒಂದೇ ದಿನ, ಯಾವುದಕ್ಕೆ ಹೋಗೋದು? ಎರಡನ್ನೂ ಬೇರೆ ಬೇರೆ ಕಾಲದಲ್ಲಿ, ಬೇರೆ ಬೇರೆ ಜನರ ಜೊತೆ ನೋಡಿದ್ದೇನೆ. ನನ್ನ ಓಟು ಮಲಕಾಫ್‌ಗೆ. ಆದರೆ ಮಂಡಿನೋವಿನ ಅಮ್ಮ ಜೊತೆಗಿದ್ದರೆ ಕಣ್ಣು ಮುಚ್ಚಿಕೊಂಡು ಎಂಪೈರ್‌ಗೆ ಹೋಗಿ. ಯಾಕೆ ಅಂತ ಹೇಳ್ತೀನಿ.

ಎಂಪೈರ್ ಗ್ರಾಸ್ ವ್ಯಾಲಿ ಊರಿಗೆ ತಾಗಿಕೊಂಡೇ ಇದೆ. ಸ್ಯಾಕ್ರಮೆಂಟೊದಿಂದ ಒಂದು ಗಂಟೆ ಮೇಲೆ ಸ್ವಲ್ಪ. ಬಾಗಿಲ ತನಕ ಒಳ್ಳೆ ರಸ್ತೆ, ದೊಡ್ಡ ಪಾರ್ಕಿಂಗ್, ಶೌಚಾಲಯ ಹತ್ತಿರದಲ್ಲೇ. ಒಳಗೆ ಹೋದ ಕೂಡಲೇ ಗಣಿ ಕಾಣಿಸಲ್ಲ, ತೋಟ ಕಾಣಿಸುತ್ತದೆ. ಗುಲಾಬಿ ತೋಟ, ಕಾರಂಜಿ, ಹುಲ್ಲುಹಾಸು, ನಡುವೆ ಕಲ್ಲಿನ ಬಂಗಲೆ. ಗಣಿ ಮಾಲೀಕ ವಿಲಿಯಂ ಬೋರ್ನ್‌ಗಾಗಿ ವಿಲ್ಲಿಸ್ ಪೋಕ್ ಎಂಬ ವಾಸ್ತುಶಿಲ್ಪಿ 1890ರ ದಶಕದ ಕೊನೆಯಲ್ಲಿ ಕಟ್ಟಿದ್ದು. ಗೋಡೆಗೆ ಬಳಸಿರೋದು ಗಣಿಯಿಂದ ತೆಗೆದು ಬಿಸಾಕಿದ ಕಲ್ಲು. ಬೇ ಏರಿಯಾದವರು ಕ್ರಿಸ್ಮಸ್ ದೀಪ ನೋಡಲು ವುಡ್‌ಸೈಡ್‌ನ ಫಿಲೋಲಿಗೆ ಹೋಗ್ತೀರಲ್ಲ, ಆ ಮನೆಯೂ ಇದೇ ಬೋರ್ನ್ ಕಟ್ಟಿಸಿದ್ದು, ಅಲ್ಲೂ ಇದೇ ವಾಸ್ತುಶಿಲ್ಪಿ. ಫಿಲೋಲಿಗೆ ದುಡ್ಡು ಎಲ್ಲಿಂದ ಬಂತು ಅನ್ನೋದಕ್ಕೆ ಅರ್ಧ ಉತ್ತರ ಇಲ್ಲಿದೆ. ಉಳಿದರ್ಧ ಸ್ಯಾನ್ ಫ್ರಾನ್ಸಿಸ್ಕೋಗೆ ನೀರು ಮಾರುತ್ತಿದ್ದ ಅವನ ಕಂಪನಿಯಲ್ಲಿದೆ.

ಬಂಗಲೆ ದಾಟಿದ ಮೇಲೆ ಗಣಿಯ ಅಂಗಳ. ಕಮ್ಮಾರಸಾಲೆ, ಮೆಷಿನ್ ಶಾಪ್, ತುಕ್ಕು ಹಿಡಿದ ಗಾಡಿಗಳು, ಹಳಿಗಳು. ಇಲ್ಲಿ ಕೆಲಸ ಶುರುವಾಗಿದ್ದು 1850ರಲ್ಲಿ, ನಿಂತಿದ್ದು 1956ರಲ್ಲಿ. ಅಷ್ಟರಲ್ಲಿ ತೆಗೆದ ಚಿನ್ನ 58 ಲಕ್ಷ ಔನ್ಸ್, ಅಂದರೆ ಸುಮಾರು 180 ಟನ್. ನೆಲದಡಿ ಕೊರೆದ ಸುರಂಗಗಳನ್ನೆಲ್ಲ ಕೂಡಿಸಿದರೆ 367 ಮೈಲಿ. ಬೆಂಗಳೂರಿಂದ ಬೆಳಗಾವಿ ಮುಟ್ಟಿ ಇನ್ನೂ ಮುಂದೆ ಹೋಗಬಹುದು. ಅದರಲ್ಲಿ ನಾವು ನೋಡಬಹುದಾಗಿದ್ದು ಬಾಯಿ ಮಾತ್ರ. ಮುಚ್ಚಿದ ಮೇಲೆ ಪಂಪುಗಳನ್ನು ನಿಲ್ಲಿಸಿದರು, ನೀರು ತುಂಬಿಕೊಂಡಿತು.

ಆ ಬಾಯಿಯ ಹತ್ತಿರ ಸ್ವಲ್ಪ ಹೊತ್ತು ನಿಲ್ಲಿ. ಮೆಟ್ಟಿಲಿಳಿದು ಕಟಕಟೆ ಹತ್ತಿರ ಹೋದರೆ ಮುಖಕ್ಕೆ ತಣ್ಣನೆ ಗಾಳಿ ಬಡಿಯುತ್ತದೆ. ಹಳಿಗಳು ಓರೆಯಾಗಿ ಕತ್ತಲೊಳಗೆ ಇಳಿದುಹೋಗುತ್ತವೆ. ದೀಪ ಹಾಕಿರುವಷ್ಟು ದೂರ ಕಲ್ಲು ಕಾಣುತ್ತದೆ, ಆಚೆ ಏನೂ ಇಲ್ಲ. ಓರೆಯಲ್ಲಿ ಅಳೆದರೆ 11,007 ಅಡಿ ತನಕ ಇಳಿದಿದ್ದರಂತೆ. ನಮ್ಮ ಮಾವ ರಾಬರ್ಟ್‌ಸನ್‌ಪೇಟೆಯಲ್ಲಿ ಬೆಳೆದವರು, ಅವರ ಅಣ್ಣ ಕೆಜಿಎಫ್ ಗಣಿಯೊಳಗೆ ಕೆಲಸ ಮಾಡಿದವರು. ಗುಲಾಬಿ ತೋಟದಲ್ಲಿ ಆಕಳಿಸುತ್ತಿದ್ದ ಮಾವ ಇಲ್ಲಿ ಬಂದ ಮೇಲೆ ಬೇರೆ ಮನುಷ್ಯನೇ ಆದರು. "ಇದು ಓರೆ ಶಾಫ್ಟ್ ನೋಡಪ್ಪ, ನಮ್ಮ ಗಿಫರ್ಡ್ ಶಾಫ್ಟ್ ನೆಟ್ಟಗೆ ಇಳೀತಿತ್ತು" ಅಂತ ಶುರು ಮಾಡಿ, ಅಲ್ಲಿದ್ದ ವಯಸ್ಸಾದ ಗೈಡ್‌ಗೆ ರಾಕ್ ಬರ್ಸ್ಟ್ (ಆಳದಲ್ಲಿ ಒತ್ತಡಕ್ಕೆ ಬಂಡೆ ಸಿಡಿಯೋದು) ಬಗ್ಗೆ ಪಾಠ ಮಾಡಿದರು. ಇಬ್ಬರ ಇಂಗ್ಲಿಷೂ ಒಬ್ಬರಿಗೊಬ್ಬರಿಗೆ ಪೂರ್ತಿ ಅರ್ಥವಾಗಲಿಲ್ಲ. ಮಾತು ಮಾತ್ರ ನಿಲ್ಲಲಿಲ್ಲ.

ಕೆಜಿಎಫ್‌ಗೂ ಗ್ರಾಸ್ ವ್ಯಾಲಿಗೂ ನಂಟು ಸುಮ್ನೆ ಹೇಳೋದಲ್ಲ, ನಿಜವಾಗಿಯೂ ಇದೆ. ಇಂಗ್ಲೆಂಡಿನ ಮೂಲೆಯ ಕಾರ್ನ್‌ವಾಲ್‌ನಲ್ಲಿ ತವರ, ತಾಮ್ರದ ಗಣಿಗಳು ಬಿದ್ದುಹೋದಾಗ ಅಲ್ಲಿನ ಗಣಿ ಕೆಲಸಗಾರರು ಪ್ರಪಂಚದ ತುಂಬ ಚದುರಿದರು. ಗ್ರಾಸ್ ವ್ಯಾಲಿಗೂ ಬಂದರು. 1880ರ ದಶಕದಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಕೋಲಾರದಲ್ಲಿ ಗಣಿ ಹಿಡಿದಾಗ ಅಲ್ಲಿಗೂ ಬಂದರು. ಗ್ರಾಸ್ ವ್ಯಾಲಿಯಲ್ಲಿ ಇವತ್ತಿಗೂ ಅವರ ಪೇಸ್ಟಿ ಮಾರುತ್ತಾರೆ. ಮೈದಾ ಹಿಟ್ಟಿನೊಳಗೆ ಆಲೂಗಡ್ಡೆ, ಮಾಂಸ ತುಂಬಿ ಬೇಯಿಸಿದ್ದು. ತರಕಾರಿಯದ್ದೂ ಸಿಗುತ್ತದೆ, ಕೇಳಿ ತಗೊಳ್ಳಿ. ಖಾರ ಸೊನ್ನೆ.

ನಡೆಯೋದಕ್ಕೆ ಎಂಪೈರ್‌ನಲ್ಲಿ ಹನ್ನೆರಡು ಮೈಲಿಗಿಂತ ಜಾಸ್ತಿ ಹಾದಿ ಇದೆ. ಪೈನ್, ಓಕ್ ನೆರಳು, ಹತ್ತಿಳಿತ ಕಮ್ಮಿ, ನಾಯಿ, ಸೈಕಲ್, ಕುದುರೆ ಎಲ್ಲಕ್ಕೂ ಅವಕಾಶ. ಹಾರ್ಡ್‌ರಾಕ್ ಟ್ರೇಲ್ ಬೆಳಗಿನ ವಾಕಿಂಗ್‌ಗೆ ಚೆನ್ನ. ಆದರೆ ನಡೆದು ಬಂದ ಮೇಲೆ ಕಾಡಿನಲ್ಲಿ ನಡೆದೆ ಅನ್ನಿಸುತ್ತದೆಯೇ ಹೊರತು ಗಣಿಯಲ್ಲಿ ನಡೆದೆ ಅಂತ ಅನ್ನಿಸಲ್ಲ. ಅಲ್ಲಲ್ಲಿ ಬೇಲಿ, ಎಚ್ಚರಿಕೆ ಬೋರ್ಡು ಕಂಡರೆ ಮಾತ್ರ ನೆನಪಾಗುತ್ತದೆ. ಹಳೇ ಗಣಿ ಮಣ್ಣಿನಲ್ಲಿ ಆರ್ಸೆನಿಕ್ ಇತ್ತು, ಸ್ವಚ್ಛ ಮಾಡಲು ಸರ್ಕಾರ ಸಾಕಷ್ಟು ಒದ್ದಾಡಿದೆ. ಮಕ್ಕಳನ್ನು ಹಾದಿ ಬಿಟ್ಟು ಓಡಲು ಬಿಡಬೇಡಿ. ಕೆಜಿಎಫ್‌ನ ಸಯನೈಡ್ ದಿಬ್ಬ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮಾವನ ತಕರಾರೂ ಅದೇ. ಇಲ್ಲಿ 180 ಟನ್‌ಗೆ ಗುಲಾಬಿ ತೋಟ, ಪಾರ್ಕು, ಗೈಡು. ನಮ್ಮಲ್ಲಿ 800 ಟನ್ ದಾಟಿತ್ತು, 2001ರಲ್ಲಿ ಬೀಗ ಹಾಕಿ ಹೋದರು.

ಇನ್ನು ಮಲಕಾಫ್.

ಮೊದಲು ದಾರಿ ಹೇಳಿಬಿಡ್ತೀನಿ, ಯಾಕಂದರೆ ಅರ್ಧ ಜನ ದಾರಿಗೇ ಹೆದರಿ ವಾಪಸ್ ಬರುತ್ತಾರೆ. ನೆವಾಡಾ ಸಿಟಿಯಿಂದ ಎರಡು ರಸ್ತೆ. ಮ್ಯಾಪ್‌ನಲ್ಲಿ ಹತ್ತಿರ ಕಾಣುವ ನಾರ್ತ್ ಬ್ಲೂಮ್‌ಫೀಲ್ಡ್ ರಸ್ತೆ ಕಡಿದಾದ ಕಣಿವೆ ಇಳಿದು ಹತ್ತುತ್ತದೆ, ಮುಂದೆ ಬರೀ ಮಣ್ಣು. ಫೋನ್ ಎಷ್ಟೇ ಒತ್ತಾಯ ಮಾಡಿದರೂ ಆ ಕಡೆ ತಿರುಗಬೇಡಿ. 49ರಲ್ಲೇ ಮುಂದೆ ಹೋಗಿ, ಟೈಲರ್ ಫುಟ್ ಕ್ರಾಸಿಂಗ್ ರಸ್ತೆ ಹಿಡಿಯಿರಿ. ಸುಮಾರು 26 ಮೈಲಿ, ತಿರುವುಗಳು ಜಾಸ್ತಿ, ಮುಕ್ಕಾಲು ಗಂಟೆಯಿಂದ ಒಂದು ಗಂಟೆ ಆಗುತ್ತದೆ. ವಾಂತಿ ಬರುವ ಮಕ್ಕಳಿದ್ದರೆ ಹೊಟ್ಟೆ ತುಂಬ ತಿನ್ನಿಸದೆ ಹೊರಡಿ. ಸಿಗ್ನಲ್ ಹೋಗುತ್ತದೆ. ಹೋಟೆಲ್ ಇಲ್ಲ, ಪೆಟ್ರೋಲ್ ಇಲ್ಲ. ಚಿತ್ರಾನ್ನ, ಮೊಸರನ್ನ, ಬೇಕಾಗುವುದಕ್ಕಿಂತ ಜಾಸ್ತಿ ನೀರು, ಎಲ್ಲ ಮನೆಯಿಂದಲೇ.

ಅಷ್ಟೆಲ್ಲ ಪಾಡುಪಟ್ಟು ಹೋದರೆ ಸಿಗೋದೇನು? ಒಂದು ಗುಂಡಿ. 7,000 ಅಡಿ ಉದ್ದ, 3,000 ಅಡಿ ಅಗಲ. ಕೆಲಸ ನಡೆಯುತ್ತಿದ್ದ ಕಾಲದಲ್ಲಿ ಸುಮಾರು 600 ಅಡಿ ಆಳ ಇತ್ತು, ಈಗ ತಳ ಹೂಳು ತುಂಬಿ ಮೇಲೆದ್ದಿದೆ. ಸುತ್ತ ಕೆಂಪು, ಕಿತ್ತಳೆ, ಬಿಳಿ, ಹಳದಿ ಪದರಗಳ ಬಂಡೆ ಗೋಡೆ. ಗೊತ್ತಿಲ್ಲದವರು ನಿಸರ್ಗದ ಅದ್ಭುತ ಅಂತ ಫೋಟೋ ತೆಗೆದುಕೊಂಡು ಹೋಗುತ್ತಾರೆ. ಅಷ್ಟು ಚೆನ್ನಾಗಿದೆ. ಮನುಷ್ಯ ಮಾಡಿದ್ದು, ಅದೂ ನೀರಿನಿಂದ.

ಎಂಪೈರ್‌ನಲ್ಲಿ ಚಿನ್ನ ಇದ್ದದ್ದು ಗಟ್ಟಿ ಬೆಣಚುಕಲ್ಲಿನ ಎಳೆಯಲ್ಲಿ, ಹಾಗಾಗಿ ಸುರಂಗ. ಇಲ್ಲಿ ಇದ್ದದ್ದು ಕೋಟ್ಯಂತರ ವರ್ಷ ಹಿಂದೆ ಹರಿದು ಹೂತುಹೋದ ನದಿಯ ಜಲ್ಲಿಯಲ್ಲಿ. ಗುಡ್ಡದ ತುಂಬ ಚೂರುಚೂರು ಚಿನ್ನ. ಅದಕ್ಕೆ ಮೇಲಿನ ಬೆಟ್ಟಗಳಲ್ಲಿ ನೀರು ಕಟ್ಟಿ, ಮೈಲಿಗಟ್ಟಲೆ ಕಾಲುವೆ ತೋಡಿ, ಕಬ್ಬಿಣದ ಪೈಪುಗಳಲ್ಲಿ ಇಳಿಸಿ, ಫಿರಂಗಿಯಂಥ ದೊಡ್ಡ ನಳಿಕೆಯಿಂದ ಗುಡ್ಡಕ್ಕೆ ಹೊಡೆದರು. ಹುಡುಗರು ಪೈಪ್ ಹಿಡಿದು ಅಂಗಳದ ಮಣ್ಣು ಕೊರೆಯುತ್ತಾರಲ್ಲ, ಅದೇ ಆಟ, ಬೆಟ್ಟದ ಅಳತೆಯಲ್ಲಿ. ಕರಗಿದ ಕೆಸರು ದೋಣಿಯಂಥ ಮರದ ಕಾಲುವೆಗಳಲ್ಲಿ ಹರಿಯಬೇಕು, ಅದಕ್ಕೆ ಪಾದರಸ ಸುರಿದು ಚಿನ್ನ ಹಿಡಿಯಬೇಕು, ಉಳಿದ ಮಣ್ಣೆಲ್ಲ ಯೂಬಾ ನದಿಗೆ. ಆ ನಳಿಕೆಗಳಲ್ಲಿ ಒಂದನ್ನು ನಾರ್ತ್ ಬ್ಲೂಮ್‌ಫೀಲ್ಡ್ ಊರಲ್ಲಿ ಇಟ್ಟಿದ್ದಾರೆ. ಬಾಯಲ್ಲಿ ಮಗುವಿನ ತಲೆ ಹಿಡಿಯುವಷ್ಟು ಜಾಗ.

ಮಣ್ಣು ಹೋಗಿ ಕೂತದ್ದು ಕೆಳಗಿನ ಬಯಲಿನಲ್ಲಿ. ನದಿ ತಳ ಮೇಲೆದ್ದಿತು, ಮೇರಿಸ್‌ವಿಲ್ ಊರಿಗೆ ಪ್ರವಾಹ ನುಗ್ಗಿತು, ರೈತರ ಹೊಲಗಳು ಹೂಳಿನಡಿ ಹೋದವು. ರೈತರ ಕಡೆಯವರು ಕೋರ್ಟಿಗೆ ಹೋದರು. 1884ರ ಜನವರಿಯಲ್ಲಿ ನ್ಯಾಯಾಧೀಶ ಲೊರೆಂಝೊ ಸಾಯರ್ ತೀರ್ಪು ಕೊಟ್ಟರು: ಗಣಿ ಕಸವನ್ನು ನದಿಗೆ ಬಿಡುವ ಹಾಗಿಲ್ಲ. ನೀರು ಹೊಡೆಯಬೇಡಿ ಅಂತ ಹೇಳಲಿಲ್ಲ. ಆದರೆ ಕಸ ಹಾಕಲು ನದಿ ಬಿಟ್ಟರೆ ಬೇರೆ ಜಾಗ ಎಲ್ಲಿತ್ತು? ಇಲ್ಲಿ ಗಣಿ ನಡೆಸುತ್ತಿದ್ದ ಕಂಪನಿಯ ಕಥೆ ಅಲ್ಲಿಗೆ ಇಳಿಮುಖ. ಸ್ಯಾಕ್ರಮೆಂಟೊದಲ್ಲಿ ನಾವು ಸಂಜೆ ವಾಕಿಂಗ್ ಹೋಗುವ ನದಿ ಏರಿಗಳ ಎತ್ತರಕ್ಕೂ ಈ ಗುಂಡಿಗೂ ಸಂಬಂಧ ಇದೆ ಅಂತ ಇಲ್ಲಿ ನಿಂತಾಗಲೇ ನನಗೆ ತಲೆಗೆ ಹೋಗಿದ್ದು.

ನನ್ನ ಓಟು ಇತ್ತ ಬಿದ್ದದ್ದೂ ಇದಕ್ಕೇ. ಎಂಪೈರ್‌ನಲ್ಲಿ ಗಣಿ ನೆಲದಡಿ ಮುಳುಗಿದೆ, ಮೇಲೆ ಉಳಿದಿರೋದು ಮಾಲೀಕನ ಬದುಕು. ಮಲಕಾಫ್‌ನಲ್ಲಿ ನೀವು ಗಣಿಯೊಳಗೇ ನಡೆಯುತ್ತೀರಿ. ಡಿಗಿನ್ಸ್ ಲೂಪ್ ಅಂತ ಮೂರು ಮೈಲಿ ಒಳಗಿನ ಹಾದಿ ಗುಂಡಿಯ ತಳದಲ್ಲೇ ಸುತ್ತುತ್ತದೆ. ಮ್ಯಾಂಝನೀಟ ಪೊದೆ, ಪುಟ್ಟ ಪೈನ್‌ಗಳು, ಅಲ್ಲಲ್ಲಿ ಜೌಗು, ಜೊಂಡು. ಮಳೆ ಬಿದ್ದ ಮರುದಿನ ಹೋಗಬೇಡಿ, ಬೂಟಿಗೆ ಕೆಂಪು ಜೇಡಿ ಮೆತ್ತಿಕೊಂಡರೆ ಬಿಡೋದೇ ಇಲ್ಲ. ನಡುಮಧ್ಯಾಹ್ನ ನೆರಳಿಲ್ಲ. ಬಿಳಿ ಗೋಡೆ ಬಿಸಿಲನ್ನು ತಿರುಗಿ ನಿಮ್ಮ ಮೇಲೇ ಎಸೆಯುತ್ತದೆ.

ಹಿಲ್ಲರ್ ಟನಲ್ ಅಂತೂ ಬಿಡಲೇಬಾರದು. ಕೆಸರು ಹೊರಗೆ ಹೋಗಲು ಬಂಡೆಯಲ್ಲಿ ಕೊರೆದ 556 ಅಡಿ ಸುರಂಗ. ನೀರು ಕಮ್ಮಿ ಇರುವಾಗ ಒಳಗೆ ನಡೆದುಹೋಗಬಹುದು. ಟಾರ್ಚ್ ಬೇಕೇ ಬೇಕು, ಫೋನ್ ಬೆಳಕು ಸಾಲದು. ಚಪ್ಪಲಿ ಬೇಡ, ಒದ್ದೆಯಾದರೂ ಪರವಾಗಿಲ್ಲ ಅನ್ನುವ ಶೂ ಹಾಕಿ. ನಡುವೆ ಹೋದಾಗ ಎರಡು ಕಡೆಯ ಬೆಳಕೂ ಚಿಕ್ಕದಾಗಿ, ಕಾಲಡಿ ತಣ್ಣೀರು, ಕೈಗೆ ಒರಟು ಕಲ್ಲು. ಮಗಳು ಒಳಗೆ ಹೋಗುವಾಗ ನನ್ನ ಅಂಗಿ ಹಿಡಿದುಕೊಂಡಿದ್ದಳು. ಆಚೆ ಬಂದ ಮೇಲೆ ಇನ್ನೊಂದು ಸಲ ಅಂತ ಹಟ ಹಿಡಿದಳು. ಎಂಪೈರ್‌ನಲ್ಲಿ ಅವಳು ಕೇಳಿದ್ದು ಐಸ್‌ಕ್ರೀಮ್ ಎಲ್ಲಿ ಅಂತ.

ನಾರ್ತ್ ಬ್ಲೂಮ್‌ಫೀಲ್ಡ್ ಊರು ಈಗ ಪಾರ್ಕಿನ ಒಳಗಿದೆ. ಬಿಳಿ ಮರದ ಮನೆಗಳು, ಶಾಲೆ, ಚರ್ಚು, ಅಂಗಡಿ, ಔಷಧಿ ಅಂಗಡಿ. ಕಿಟಕಿಯಿಂದ ಇಣುಕಿದರೆ ಹಳೇ ಬಾಟಲಿ, ಡಬ್ಬ. ಕಾಲುವೆ ತೋಡಿದ ಚೀನಾದ ಕೆಲಸಗಾರರ ಕಥೆಗೆ ಇನ್ನೂ ಜಾಸ್ತಿ ಜಾಗ ಕೊಡಬಹುದಿತ್ತು ಅನ್ನೋದು ನನ್ನ ದೂರು. ರಾತ್ರಿ ಉಳಿಯುವುದಾದರೆ ಶೂಟ್ ಹಿಲ್‌ನಲ್ಲಿ ಟೆಂಟ್ ಹಾಕಬಹುದು. ಎಂಪೈರ್‌ನಲ್ಲಿ ಕ್ಯಾಂಪಿಂಗ್ ಇಲ್ಲ. ಈಜಲು ಇಲ್ಲಿ ಬ್ಲೇರ್ ಕೆರೆ ಇದೆ, ಚಿಕ್ಕದು, ಮಕ್ಕಳಿಗೆ ಸಾಕು. ಟಿಕೆಟ್ ಇಲ್ಲಿ ಗಾಡಿಗೆ, ಎಂಪೈರ್‌ನಲ್ಲಿ ತಲೆಗೆ. ತುಂಬಿದ ವ್ಯಾನ್‌ನಲ್ಲಿ ಹೋಗುವವರಿಗೆ ಮಲಕಾಫೇ ಲಾಭ.

ಮೂರನೆಯದೂ ಇದೆಯಲ್ಲ ಅಂತ ಕೆಲವರು ಹೇಳುತ್ತಾರೆ: ಸೌತ್ ಯೂಬಾ ರಿವರ್ ಸ್ಟೇಟ್ ಪಾರ್ಕ್. ಬ್ರಿಡ್ಜ್‌ಪೋರ್ಟ್‌ನಲ್ಲಿ 1862ರ ಮುಚ್ಚಿಗೆಯ ಮರದ ಸೇತುವೆ ಇದೆ. ಪಕ್ಕದ ನೆವಾಡಾ ರಾಜ್ಯದ ಬೆಳ್ಳಿ ಗಣಿಗಳಿಗೆ ಸಾಮಾನು ಹೊತ್ತ ಗಾಡಿಗಳು ದಾಟಿದ್ದು ಅದರ ಮೇಲೆ. ಹತ್ತು ವರ್ಷ ಮುಚ್ಚಿದ್ದು 2021ರಲ್ಲಿ ರಿಪೇರಿಯಾಗಿ ತೆರೆಯಿತು. ಮಾರ್ಚ್, ಏಪ್ರಿಲ್‌ನಲ್ಲಿ ಬಟರ್‌ಮಿಲ್ಕ್ ಬೆಂಡ್ ಹಾದಿಯ ಕಾಡುಹೂವು ನೋಡಲು ಹೋಗಿ, ಬೇಸಿಗೆಯಲ್ಲಿ ನದಿಗೆ ಹೋಗಿ. ಗಣಿ ಕಥೆಗಾಗಿ ಹೋಗಬೇಡಿ. ಒಂದು ಎಚ್ಚರಿಕೆ: ವಸಂತದಲ್ಲಿ ಹಿಮ ಕರಗಿದ ನೀರು ಮರಗಟ್ಟುವಷ್ಟು ತಣ್ಣಗೆ, ಸೆಳೆತ ಜೋರು. ಮೇಲಿಂದ ನೋಡಿದರೆ ತಿಳಿ ಹಸಿರು, ಸಾಧು ಥರ ಕಾಣುತ್ತದೆ, ನಂಬಬೇಡಿ. ಮೀನು ಹಿಡಿಯುವವರು ಪಾದರಸದ ಸಲಹೆ ಓದಿಕೊಂಡು ತಿನ್ನಿ.

ಬೆಳಿಗ್ಗೆ ಎಂಪೈರ್, ಮಧ್ಯಾಹ್ನ ಮಲಕಾಫ್ ಅಂತ ಎರಡನ್ನೂ ಒಂದೇ ದಿನಕ್ಕೆ ತುರುಕುವವರಿದ್ದಾರೆ. ಮಾಡಬಹುದು, ಆದರೆ ಸುರಂಗಕ್ಕೆ ಹೊತ್ತು ಸಾಲದೆ ಗುಂಡಿಯನ್ನು ಮೇಲಿಂದ ನೋಡಿ ಓಡಿಬರಬೇಕಾಗುತ್ತದೆ. ಅದರ ಬದಲು ದೊಡ್ಡವರ ಜೊತೆ ಎಂಪೈರ್‌ನಲ್ಲಿ ಅರ್ಧ ದಿನ ಕಳೆದು, ಗ್ರಾಸ್ ವ್ಯಾಲಿಯಲ್ಲಿ ಪೇಸ್ಟಿ ತಿಂದು ಮನೆಗೆ ಬನ್ನಿ. ಮಲಕಾಫ್‌ಗೆ ಅಕ್ಟೋಬರ್‌ನಲ್ಲಿ ಒಂದು ಪೂರ್ತಿ ದಿನ ತೆಗೆದಿಡಿ. ಬಿಸಿಲು ಇಳಿದಿರುತ್ತದೆ, ಸುರಂಗದಲ್ಲಿ ನೀರು ಕಮ್ಮಿ, ದಾರಿಯಲ್ಲಿ ಎದುರು ಗಾಡಿಗಳೂ ಕಮ್ಮಿ. ಹೊರಡುವ ಮುಂಚೆ ಸುರಂಗ, ರಸ್ತೆ ತೆರೆದಿವೆಯಾ ಅಂತ ಪಾರ್ಕಿಗೆ ಒಂದು ಫೋನ್ ಮಾಡಿ ಕೇಳಿ, ನೆವಾಡಾ ಸಿಟಿಯಲ್ಲೇ ಟ್ಯಾಂಕ್ ತುಂಬಿಸಿ.