ಎಂಟು ವಾರದ ಕೌನ್ಸೆಲಿಂಗ್, ಒಂದು ನೋಟ್‌ಬುಕ್ಕು

ವಕೀಲಿಕೆಗೆ ಬಂದು 9 ವರ್ಷ ಆಯಿತು. ಇವತ್ತಿಗೂ ಯಾರಾದರೂ ‘ಮೇಡಂ, ನಿಮ್ಮ ಅಭಿಪ್ರಾಯ ಏನು?’ ಅಂದರೆ ಹಿಂದೆ ಬೇರೆ ಯಾರೋ ನಿಂತಿದ್ದಾರಾ ಅಂತ ತಿರುಗಿ ನೋಡುವಂತಾಗುತ್ತದೆ. ಕೇಸು ಗೆದ್ದರೆ ಎದುರಿನವರು ಸರಿಯಾಗಿ ಓದಿಕೊಂಡು ಬಂದಿರಲಿಲ್ಲ. ಸೋತರೆ ಮಾತ್ರ ತಪ್ಪೆಲ್ಲ ನನ್ನದೇ. ಈ ಲೆಕ್ಕ ಸಾಕಾಗಿ, ವಕೀಲರಿಗೆಂದೇ ಇರುವ ಒಂದು ಆನ್‌ಲೈನ್ ಕೌನ್ಸೆಲಿಂಗ್ ಸೇರಿದೆ. ವಾರಕ್ಕೊಂದು ಸಲ 50 ನಿಮಿಷ, ಒಟ್ಟು 8 ವಾರ. ಸಂಸ್ಥೆಯ ಹೆಸರು ಹೇಳುವುದಿಲ್ಲ, ಬೈಯುವುದೂ ಸ್ವಲ್ಪ ಇದೆ.

ಅದನ್ನೇ ಮೊದಲು ಮುಗಿಸುತ್ತೇನೆ. ಎರಡು ವಾರ ಸುಮ್ನೆ ಹೋಯಿತು. ‘ಕನ್ನಡಿ ಮುಂದೆ ನಿಂತು, ನನ್ನ ಕೈಲಿ ಆಗುತ್ತೆ ಅಂತ ಹೇಳಿಕೊಳ್ಳಿ’ ಅಂದರು. ಹೇಳಿಕೊಂಡೆ. ಕನ್ನಡಿಯಲ್ಲಿದ್ದವಳು ನಂಬಲಿಲ್ಲ. ಎದುರು ಪಕ್ಷದ ವಕೀಲರಿಗೆ ಫೀಸು ಸಿಗುವುದೇ ನಾನು ಹೇಳಿದ್ದು ತಪ್ಪು ಅಂತ ತೋರಿಸುವುದಕ್ಕೆ ಅಲ್ವಾ? ದಿನಾ ಅದನ್ನು ಕೇಳಿ ಮನೆಗೆ ಬರುವವಳಿಗೆ ಕನ್ನಡಿ ಏನು ಮಾಡೀತು!

ಮೂರನೇ ವಾರ ಕೌನ್ಸೆಲರ್ ಬದಲಾದರು. ಹೊಸಬರು ಒಂದು ಪ್ರಶ್ನಾವಳಿ ಕೊಟ್ಟರು. ಮನಶ್ಶಾಸ್ತ್ರಜ್ಞೆ ಪಾಲಿನ್ ಕ್ಲಾನ್ಸ್ ಮಾಡಿದ್ದು. 1978ರಲ್ಲಿ ಸುಝೇನ್ ಐಮ್ಸ್ ಜೊತೆ ಸೇರಿ ಈ ‘ಇಂಪೋಸ್ಟರ್’ ಭಾವನೆಯ, ಅಂದರೆ ನನಗೆ ಯೋಗ್ಯತೆ ಇಲ್ಲ, ಒಂದು ದಿನ ಸಿಕ್ಕಿಬೀಳುತ್ತೇನೆ ಅನ್ನುವ ಭಯದ ಬಗ್ಗೆ ಬರೆದವರು ಇವರೇ. 20 ಹೇಳಿಕೆ, ಒಂದೊಂದಕ್ಕೂ 1ರಿಂದ 5 ಅಂಕ, 80 ದಾಟಿದರೆ ತೀವ್ರ. ನನಗೆ 74 ಬಂತು. ಸರಿಯಾಗಿ ಕೂಡಿದೆನಾ ಅಂತ ಮೂರು ಸಲ ಕೂಡಿ ನೋಡಿದೆ. ‘ಇದು ಕಾಯಿಲೆಯ ಹೆಸರಲ್ಲ, ಚೀಟಿ ಅಂಟಿಸಿಕೊಂಡು ಓಡಾಡಬೇಡಿ’ ಅಂದರು. ಅದು ಹಿಡಿಸಿತು.

ಅವರು ಹೇಳಿದ ಇನ್ನೊಂದು ಮಾತು ತಲೆಯಲ್ಲಿ ಕೂತಿದೆ. ಈ ಭಯ ಇರುವವರು ಒಂದೋ ಅತಿಯಾಗಿ ತಯಾರಾಗುತ್ತಾರೆ, ಇಲ್ಲವೇ ಕೊನೇ ಗಳಿಗೆವರೆಗೂ ಮುಂದೂಡುತ್ತಾರೆ. ಗೆದ್ದರೆ ಮೊದಲನೆಯವರು ‘ಅಷ್ಟು ಒದ್ದಾಡಿದ್ದಕ್ಕೆ ಆಯಿತು’ ಅನ್ನುತ್ತಾರೆ, ಎರಡನೆಯವರು ‘ಅದೃಷ್ಟ’ ಅನ್ನುತ್ತಾರೆ. ‘ನನಗೆ ಕೆಲಸ ಬರುತ್ತೆ’ ಅಂತ ಇಬ್ಬರ ಬಾಯಲ್ಲೂ ಬರುವುದಿಲ್ಲ. ನಾನು ಒದ್ದಾಡುವವರ ಪೈಕಿ.

ದುಡ್ಡು ವಸೂಲಾಗಿದ್ದು ಮಾತ್ರ ನೋಟ್‌ಬುಕ್ಕಿನಿಂದ. ಹಾಳೆ ಮಧ್ಯೆ ಒಂದು ಗೆರೆ. ಎಡಕ್ಕೆ ‘ನಿಜವಾಗಿ ಗೊತ್ತಿಲ್ಲ’, ಬಲಕ್ಕೆ ‘ಗೊತ್ತಿದೆ, ಹೆದರಿಕೆ’. ಎದೆ ಧಸಕ್ಕೆಂದಾಗಲೆಲ್ಲ ಒಂದು ಕಡೆ ಬರೆಯಬೇಕು. ‘ರಾತ್ರಿ 11:40. ಮೇಲಿನ ಕೋರ್ಟು ಈ ತೀರ್ಪನ್ನು ರದ್ದು ಮಾಡಿಲ್ಲ ತಾನೇ ಅಂತ ನಾಲ್ಕನೇ ಸಲ ನೋಡಿದೆ.’ ಇದು ಬಲಕ್ಕೆ. ‘ಆರ್ಬಿಟ್ರೇಶನ್ ಷರತ್ತಿನಲ್ಲಿ ಸೀಟ್ ಯಾವುದು, ವೆನ್ಯೂ ಯಾವುದು, ಗೊಂದಲ.’ (ಆರ್ಬಿಟ್ರೇಶನ್ ಅಂದರೆ ಕೋರ್ಟಿನ ಬದಲು ಮಧ್ಯಸ್ಥರ ಮುಂದೆ ವ್ಯಾಜ್ಯ ತೀರಿಸಿಕೊಳ್ಳುವುದು.) ಇದು ಎಡಕ್ಕೆ. ಕೂತು ಒಂದು ಗಂಟೆ ಓದಿದೆ. ಯಾವ ಕೋರ್ಟಿನ ಮೇಲ್ವಿಚಾರಣೆ ಅನ್ನುವುದು ಸೀಟ್‌ನಿಂದ ತೀರ್ಮಾನವಾಗುತ್ತದೆ, ವೆನ್ಯೂ ಬರೀ ಕೂತು ವಿಚಾರಣೆ ನಡೆಸುವ ಜಾಗ. ಗೊಂದಲ ಹೋಯಿತು. ನಾಲ್ಕು ವಾರಕ್ಕೆ ಒಟ್ಟು 23 ಸಲ ಬರೆದಿದ್ದೆ. ಎಡಕ್ಕೆ ಇದ್ದದ್ದು 6.

ಏಳನೇ ವಾರ ಒಂದು ವಾದದ ನಡುವೆ ಜಡ್ಜ್ ಒಂದು ದಿನಾಂಕ ಕೇಳಿದರು. ನೆನಪಿರಲಿಲ್ಲ. ಮೊದಲಾಗಿದ್ದರೆ ಏನೋ ಒಂದು ಹೇಳಿ ರಾತ್ರಿಯೆಲ್ಲ ನಿದ್ದೆಗೆಡುತ್ತಿದ್ದೆ. ‘ಕಡತ ನೋಡಿ ಮಧ್ಯಾಹ್ನದೊಳಗೆ ತಿಳಿಸುತ್ತೇನೆ’ ಅಂದೆ. ಅವರು ಗುರುತು ಹಾಕಿಕೊಂಡು ಮುಂದಿನ ಅಂಶಕ್ಕೆ ಹೋದರು. ಎದುರಿನ ವಕೀಲರು ತಲೆ ಕೂಡ ಎತ್ತಲಿಲ್ಲ.

ಆಫೀಸಿನಲ್ಲಿ ದಿನಾ ಎಲ್ಲರ ಮುಂದೆ ಬೈಸಿಕೊಳ್ಳುವವರಿಗೆ ಇದು ಬೇಡ. ಅಲ್ಲಿ ರಿಪೇರಿ ಆಗಬೇಕಾದ್ದು ಆಫೀಸು. ನಿದ್ದೆ, ಊಟ ಎರಡೂ ಕೆಟ್ಟಿದ್ದರೆ ಮೊದಲು ಡಾಕ್ಟರ ಹತ್ತಿರ ಹೋಗಿ.

ಕೊನೇ ವಾರ ಅದೇ ಪ್ರಶ್ನಾವಳಿ ಮತ್ತೆ ತುಂಬಿದೆ. 63. ಅಂದರೆ 61ರಿಂದ 80ರ ಅದೇ ಗುಂಪು! 5ಕ್ಕೆ ಮೂರೂವರೆ ಸ್ಟಾರ್ ಕೊಡುತ್ತೇನೆ. ನೋಟ್‌ಬುಕ್ಕು ಮುಗಿಯುತ್ತಾ ಬಂದಿದೆ, ಇನ್ನೊಂದು ತಂದಿಟ್ಟಿದ್ದೇನೆ.